‘ಹೆರುವ ವ್ಯಕ್ತಿ’ ಅಂದರೆ ಯಾರು? ಹೆರಿಗೆ ಆಸ್ಪತ್ರೆಯ ಹಾಳೆ ಬರೆಸುವವರಿಗೆ ಒಂದು ಬಹಿರಂಗ ಪತ್ರ

ಹೆರಿಗೆ ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರಿಗೆ, ಬಸುರಿಯರ ಕೈಗೆ ಕೊಡುವ ಪುಸ್ತಿಕೆ, ಫಾರಂ, ಗೋಡೆಗೆ ಅಂಟಿಸುವ ಚಾರ್ಟು ಬರೆಸುವ ಎಲ್ಲರಿಗೂ ನಮಸ್ಕಾರ.

ನಾನು ಅನುವಾದಕಿ. ಆಸ್ಪತ್ರೆಯ ಹಾಳೆಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಮಂಡಿ ಆಪರೇಷನ್ ಎಲ್ಲ ಬರುತ್ತದೆ, ಜಾಸ್ತಿ ಬರುವುದು ಹೆರಿಗೆಯದೇ. ಈಗ ಮೇಜಿನ ಮೇಲೆ 32 ಪುಟದ ಒಂದು ಪುಸ್ತಿಕೆ ಇದೆ. ಬಸಿರು, ಹೆರಿಗೆ, ಹಸುಗೂಸಿನ ಆರೈಕೆ, ಮೂರೂ ಒಂದರಲ್ಲೇ. ಕೆಲಸ ಕೊಟ್ಟವರು ಜೊತೆಗೆ ಒಂದು ಹಾಳೆ ಕಳಿಸಿದ್ದಾರೆ. ಮೇಲೆ ದಪ್ಪ ಅಕ್ಷರದಲ್ಲಿ ‘ಎಲ್ಲರನ್ನೂ ಒಳಗೊಳ್ಳುವ ಭಾಷೆ ಬಳಸಿ’ ಅಂತ ಇದೆ. ಕೆಳಗೆ ಎರಡು ಕಾಲಂ. ಎಡಕ್ಕೆ ಬಿಡಬೇಕಾದ ಪದ, ಬಲಕ್ಕೆ ಹಾಕಬೇಕಾದ ಪದ. ‘ಮದರ್’ ಬಿಟ್ಟು ‘ಬರ್ತಿಂಗ್ ಪರ್ಸನ್’ ಹಾಕಬೇಕು. ‘ಬ್ರೆಸ್ಟ್‌ಫೀಡಿಂಗ್’ ಬಿಟ್ಟು ‘ಚೆಸ್ಟ್‌ಫೀಡಿಂಗ್’ ಹಾಕಬೇಕು. ‘ಮದರ್ಸ್ ಮಿಲ್ಕ್’ ಬಿಟ್ಟು ‘ಹ್ಯೂಮನ್ ಮಿಲ್ಕ್’ ಹಾಕಬೇಕು.

ಮೊದಲ ಸಾಲಿಗೇ ಕೈ ನಿಂತಿತು. ‘ಹೆರುವ ವ್ಯಕ್ತಿ’ ಅಂತ ಬರೆದು ಗಟ್ಟಿಯಾಗಿ ಓದಿಕೊಂಡೆ. ಪೊಲೀಸರ ಪಂಚನಾಮೆ ಓದಿದ ಹಾಗಾಯಿತು. ಸದರಿ ಹೆರುವ ವ್ಯಕ್ತಿಯು ಸದರಿ ದಿನದಂದು ಅಂತ ಮುಂದುವರಿಸಬೇಕು ಅನ್ನಿಸಿತು. ಅಳಿಸಿದೆ.

ಸೂಚನೆ ಬರೆದವರ ಮನಸ್ಸು ಒಳ್ಳೆಯದು. ಅದನ್ನು ಗೇಲಿ ಮಾಡಲು ನಾನು ಕೂತಿಲ್ಲ. ಹೆರಿಗೆ ವಾರ್ಡಿನ ಮಾತಿನಲ್ಲಿ ಯಾರೂ ಹೊರಗೆ ಉಳಿಯಬಾರದು ಅನ್ನುವುದು ನನ್ನ ಆಸೆಯೂ ಹೌದು. ನನ್ನ ತಕರಾರು ಇರುವುದು ಆ ಪಟ್ಟಿಯ ಬಗ್ಗೆ. ಅದು ಇಂಗ್ಲಿಷಿನ ಜಗಳಕ್ಕೆ ಇಂಗ್ಲಿಷಿನಲ್ಲಿ ಹುಡುಕಿಕೊಂಡ ಉತ್ತರ. ಹಾಗೇ ಎತ್ತಿ ಕನ್ನಡದಲ್ಲಿ ಇಟ್ಟರೆ ಒಳಗೆ ಇದ್ದವರೂ ಹೊರಗೆ ಹೋಗುತ್ತಾರೆ. ಕನ್ನಡದ ಹಾಳೆಗಳಲ್ಲಿ ಜನ ನಿಜವಾಗಿ ಹೊರಗೆ ಉಳಿದಿರುವ ಜಾಗಗಳು ಬೇರೆಯೇ ಇವೆ.

ಪಟ್ಟಿಯಲ್ಲಿ ಇಲ್ಲದ ಒಂದು ಪದದಿಂದ ಶುರು ಮಾಡುತ್ತೇನೆ. ‘ನೀವು.’

ಒಮ್ಮೆ ಒಂದು ಚಾರ್ಟಿನ ಕಾಗುಣಿತ ನೋಡಿಕೊಡಲು ಹೆರಿಗೆ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಒಬ್ಬ ನರ್ಸಿನ ದನಿ ಬಂತು. “ಏ, ಕಿರುಚಬೇಡ. ಮುಕ್ಕು. ಮುಕ್ಕೇ ಅಂದ್ರೆ!” ಸ್ವಲ್ಪ ಹೊತ್ತಿಗೆ ಪಕ್ಕದ ಮಂಚಕ್ಕೆ ಇನ್ನೊಬ್ಬರನ್ನು ಕರೆತಂದರು. ಬರುವಾಗ ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರು. ಅದೇ ನರ್ಸ್, ಅದೇ ದನಿ. “ಮೇಡಂ, ಇನ್ನೊಂದ್ ಸ್ವಲ್ಪ ಮುಕ್ಕಿ, ಆಗೋಯ್ತು.” ನನ್ನ ತೊಡೆಯ ಮೇಲಿದ್ದ ಚಾರ್ಟಿನಲ್ಲಿ ಬರೆದಿದ್ದು ಏನು ಗೊತ್ತಾ? ‘ಗೌರವಯುತ ಮಾತೃತ್ವ ಆರೈಕೆ ನಿಮ್ಮ ಹಕ್ಕು.’ ಕಾಗುಣಿತ ಸರಿ ಇತ್ತು.

ಆ ನರ್ಸನ್ನು ಬೈಯುವುದು ಸುಲಭ. ಆವತ್ತು ಅವರ ಕೈಯಲ್ಲಿ ಎಷ್ಟು ಮಂಚ ಇದ್ದವು, ಎಷ್ಟು ಹೊತ್ತಿನಿಂದ ನಿಂತಿದ್ದರು ಅಂತ ನಾನು ಕೇಳಲಿಲ್ಲ. ಆದರೆ ಏಕವಚನ ಯಾರಿಗೆ ಸಿಗುತ್ತದೆ, ಬಹುವಚನ ಯಾರಿಗೆ ಸಿಗುತ್ತದೆ ಅನ್ನುವುದು ಸುಸ್ತಿನಿಂದ ತೀರ್ಮಾನ ಆಗುವುದಿಲ್ಲ. ಸುಸ್ತಾಗಿದ್ದರೆ ಇಬ್ಬರಿಗೂ ‘ಮುಕ್ಕು’ ಅನ್ನಬೇಕಿತ್ತು, ಅಲ್ವಾ? 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಸಮಯದ ಅಗೌರವ ಮತ್ತು ಹಿಂಸೆಯ ಬಗ್ಗೆ ಒಂದು ಹೇಳಿಕೆ ಹೊರಡಿಸಿತು. ಹೊಡೆಯುವುದರ ಜೊತೆಗೇ ಬಾಯಿಮಾತಿನಿಂದ ಅವಮಾನ ಮಾಡುವುದನ್ನೂ ಅದು ಹೆಸರಿಸಿ ಹೇಳಿದೆ. ಇಂಗ್ಲಿಷಿನವರಿಗೆ ‘ಯು’ ಒಂದೇ. ಹಾಗಾಗಿ ಅವರ ಪಟ್ಟಿಗೆ ಈ ಸಾಲು ಹೊಳೆಯುವುದೇ ಇಲ್ಲ. ನಮ್ಮ ಪಟ್ಟಿ ಶುರುವಾಗಬೇಕಾದದ್ದೇ ಇಲ್ಲಿಂದ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಅವಳು ಬಂದಳು, ಅವನು ಬಂದನು ಅನ್ನುವಾಗ ಕನ್ನಡದ ಕ್ರಿಯಾಪದ ಗಂಡು ಹೆಣ್ಣು ಕೇಳುತ್ತದೆ. ‘ನೀವು ಬಂದಿರಿ’ ಅಂದರೆ ಏನೂ ಕೇಳುವುದಿಲ್ಲ. ಹಳೆಯ ಪುಸ್ತಿಕೆಯಲ್ಲಿ ‘ಗರ್ಭಿಣಿಯು ಪ್ರತಿದಿನ ಕಬ್ಬಿಣಾಂಶದ ಮಾತ್ರೆಯನ್ನು ಸೇವಿಸತಕ್ಕದ್ದು’ ಅಂತ ಇತ್ತು. ಅದನ್ನು ‘ಕಬ್ಬಿಣಾಂಶದ ಮಾತ್ರೆಯನ್ನು ದಿನಾ ತೆಗೆದುಕೊಳ್ಳಿ’ ಅಂತ ಮಾಡಿದೆ. ಓದುತ್ತಿರುವವರು ಹೆಂಗಸೋ, ತನ್ನನ್ನು ಗಂಡಸು ಅಂತ ತಿಳಿದವರೋ, ಮೊದಲ ಬಸಿರೋ, ನಾಲ್ಕನೆಯದೋ, ಎಲ್ಲರಿಗೂ ಆ ಸಾಲು ಸಲ್ಲುತ್ತದೆ. ಯಾರ ಹೆಸರನ್ನೂ ತೆಗೆಯಬೇಕಾಗಲಿಲ್ಲ. ‘ಗರ್ಭಿಣಿಯು’ ಅಂತ ಇದ್ದ ಮುಕ್ಕಾಲು ಪಾಲು ಜಾಗ ಹೀಗೇ ತನ್ನಷ್ಟಕ್ಕೆ ಸರಿಹೋಯಿತು. ಪುಸ್ತಿಕೆಯೂ ಎರಡು ಪುಟ ಚಿಕ್ಕದಾಯಿತು. ಅದಕ್ಕೆ ನನ್ನ ಸಂಬಳ ಕಡಿಮೆ ಮಾಡಬೇಡಿ, ಅಷ್ಟೇ.

‘ಚೆಸ್ಟ್‌ಫೀಡಿಂಗ್’ ಸಾಲಿಗೆ ಬರೋಣ. ಇಂಗ್ಲಿಷಿನಲ್ಲಿ ‘ಬ್ರೆಸ್ಟ್’ ಅಂದಾಗ ಹೆಣ್ಣಿನ ದೇಹವೇ ಮೊದಲು ಕಣ್ಣ ಮುಂದೆ ಬರುತ್ತದೆ, ‘ಚೆಸ್ಟ್’ ಎಲ್ಲರಿಗೂ ಇರುತ್ತದೆ, ಅದಕ್ಕೇ ಈ ಬದಲಾವಣೆ. ಕನ್ನಡದಲ್ಲಿ ನಾವು ಮೊದಲಿನಿಂದಲೂ ‘ಎದೆಹಾಲು’ ಅಂತಲೇ ಅನ್ನುತ್ತೇವೆ. ಎದೆ ಗಂಡಸಿಗೂ ಇದೆ, ಹೆಂಗಸಿಗೂ ಇದೆ, ನೋವು ಬಂದರೆ ಇಬ್ಬರೂ ಅದನ್ನೇ ಹಿಡಿದುಕೊಳ್ಳುತ್ತಾರೆ. ಅವರು ಈಗ ಹುಡುಕಿ ತಂದ ಪದ ನಮ್ಮ ಬಾಯಲ್ಲಿ ಯಾವತ್ತಿನಿಂದಲೋ ಇತ್ತು. ಹಾಗಾಗಿ ಆ ಸಾಲಿಗೆ ನಾನು ಏನೂ ಮಾಡಲಿಲ್ಲ. ‘ಮಗು’ವಿನ ಕಥೆಯೂ ಹಾಗೇ. ಮಗು ಅತ್ತಿತು, ಕೂಸು ಮಲಗಿತು. ಹುಟ್ಟಿದ್ದು ಯಾವುದು ಅಂತ ವಾಕ್ಯ ಕೇಳುವುದೇ ಇಲ್ಲ.

ಆದರೆ ‘ಮದರ್ಸ್ ಮಿಲ್ಕ್’ ಸಾಲಿನಲ್ಲಿ ನಾನು ನಿಮ್ಮ ಮಾತು ಕೇಳುವುದಿಲ್ಲ. ಕಾರಣ ಹೇಳುತ್ತೇನೆ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ತೀರಾ ಕಮ್ಮಿ ಇರುವ ಮಗುವಿಗೆ ಮೊದಲ ಆಯ್ಕೆ ಹೆತ್ತ ತಾಯಿಯ ಹಾಲು. ಅದು ಸಿಗದಿದ್ದರೆ ಹಾಲಿನ ಬ್ಯಾಂಕಿನಿಂದ ಬರುವ ದಾನಿಯ ಹಾಲು. ಎರಡೂ ಮನುಷ್ಯರ ಹಾಲೇ, ಆದರೆ ಎರಡೂ ಒಂದೇ ಅಲ್ಲ. ದಾನಿಯ ಹಾಲನ್ನು ಸಾಮಾನ್ಯವಾಗಿ 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿ ಮಾಡಿ ಪಾಶ್ಚರೀಕರಿಸುತ್ತಾರೆ. ಕ್ರಿಮಿ ಸಾಯುತ್ತದೆ, ಜೊತೆಗೆ ಮಗುವನ್ನು ಸೋಂಕಿನಿಂದ ಕಾಯುವ ಕೆಲವು ಅಂಶಗಳೂ ಕಡಿಮೆ ಆಗುತ್ತವೆ. ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದ ಹಾಳೆಯಲ್ಲಿ ‘ಮಾನವ ಹಾಲು’ ಅಂತ ಒಂದೇ ಪದ ಹಾಕಿದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಕಷ್ಟಪಟ್ಟು ಹಾಲು ಹಿಂಡಿ ಕಳಿಸುತ್ತಿರುವ ಬಾಣಂತಿಗೆ ‘ಯಾವ ಹಾಲಾದರೂ ಆದೀತು’ ಅಂತ ಅರ್ಥವಾಗುತ್ತದೆ. ಇಲ್ಲಿ ‘ತಾಯಿ’ ಅನ್ನುವುದು ಭಾವನೆಯ ಪದ ಅಲ್ಲ. ಮಾಹಿತಿ.

ಇದು ನನ್ನೊಬ್ಬಳ ತಕರಾರಲ್ಲ. 2022ರಲ್ಲಿ ಸಂಶೋಧಕಿ ಕಾರ್ಲೀನ್ ಗ್ರಿಬಲ್ ಮತ್ತು ಜೊತೆಗಾರರು ‘ಫ್ರಾಂಟಿಯರ್ಸ್ ಇನ್ ಗ್ಲೋಬಲ್ ವಿಮೆನ್ಸ್ ಹೆಲ್ತ್’ ಪತ್ರಿಕೆಯಲ್ಲಿ ಇದನ್ನೇ ವಿವರವಾಗಿ ಬರೆದರು. ಬಸಿರು, ಹೆರಿಗೆ, ಹಾಲೂಡಿಕೆಯ ಮಾತಿನಿಂದ ಹೆಣ್ಣು, ತಾಯಿ ಅನ್ನುವ ಪದಗಳನ್ನು ತೆಗೆದರೆ ಅರ್ಥ ತಪ್ಪುತ್ತದೆ, ಮನುಷ್ಯರನ್ನು ಅಂಗಾಂಗಗಳಾಗಿ ನೋಡಿದ ಹಾಗೆ ಆಗುತ್ತದೆ ಅಂತ ಅವರ ವಾದ. ಹಿಂದಿನ ವರ್ಷ, 2021ರ ಸೆಪ್ಟೆಂಬರಿನಲ್ಲಿ, ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆ ತನ್ನ ಮುಖಪುಟದಲ್ಲಿ ಹೆಂಗಸರನ್ನು ‘ಯೋನಿ ಇರುವ ದೇಹಗಳು’ ಅಂತ ಕರೆದು ಬೈಸಿಕೊಂಡಿತ್ತು. ಸಂಪಾದಕರು ಕ್ಷಮೆ ಕೇಳಬೇಕಾಯಿತು.

ಓದು ಕಮ್ಮಿ ಇರುವವರ ವಿಷಯವೂ ಇದೆ. ಅವರನ್ನು ಒಳಗೊಳ್ಳುವ ಬಗ್ಗೆ ಪಟ್ಟಿಯಲ್ಲಿ ಒಂದಕ್ಷರವೂ ಇಲ್ಲ. ಇನ್ನೊಂದು ಕರಪತ್ರದಲ್ಲಿ ‘ಗರ್ಭಕಂಠ ಹೊಂದಿರುವ ವ್ಯಕ್ತಿಗಳು ತಪಾಸಣೆ ಮಾಡಿಸಿಕೊಳ್ಳಬೇಕು’ ಅಂತ ಬರೆಯಲು ಹೇಳಿದ್ದರು. ಬರೆದು, ನನಗೆ ಗೊತ್ತಿರುವ ಒಬ್ಬ ಅಕ್ಕನಿಗೆ ಓದಿ ಹೇಳಿದೆ. ಮೂರು ಹೆತ್ತವರು. “ಗಂಟಲ ಕಾಯಿಲೇನಾ?” ಅಂತ ಕೇಳಿದರು. ಗರ್ಭಕೋಶದ ಬಾಯಿ ಅಂತ ಬಿಡಿಸಿ ಹೇಳಿದ ಮೇಲೆ, “ಹಂಗಾದ್ರೆ ಹೆಂಗಸರಿಗೆ ಅಂತ ಬರೀಬಾರ್ದಾ?” ಅಂದರು. ತನಗೆ ಗರ್ಭಕಂಠ ಇದೆ ಅಂತ ಗೊತ್ತಿರುವವರು ಮಾತ್ರ ಓದಿ ಅರ್ಥ ಮಾಡಿಕೊಳ್ಳಬಹುದಾದ ಕರಪತ್ರದಿಂದ ಯಾರಿಗೆ ಉಪಯೋಗ?

ಇಷ್ಟು ಓದಿ, ‘ಹಾಗಾದರೆ ಎಲ್ಲ ಹಳೆಯದೇ ಇರಲಿ ಅನ್ನುತ್ತೀರಿ’ ಅಂದುಕೊಳ್ಳಬೇಡಿ. ಹಳೆಯ ಹಾಳೆಗಳಿಂದಲೂ ಜನ ಬಿದ್ದುಹೋಗಿದ್ದಾರೆ.

2019ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಅನ್ನುವ ವೈದ್ಯಕೀಯ ಪತ್ರಿಕೆ ಒಂದು ಪ್ರಕರಣ ಪ್ರಕಟಿಸಿತು. 32 ವರ್ಷದ ಒಬ್ಬರು ಜೋರು ಹೊಟ್ಟೆನೋವು ಅಂತ ತುರ್ತು ವಿಭಾಗಕ್ಕೆ ಬಂದರು. ಹುಟ್ಟುವಾಗ ಹೆಣ್ಣು ಅಂತ ಬರೆಸಿಕೊಂಡು, ಗಂಡಸಾಗಿ ಬದುಕುತ್ತಿದ್ದ ಟ್ರಾನ್ಸ್ ಗಂಡಸು. ತಾನು ಟ್ರಾನ್ಸ್ ಅಂತಲೂ, ಮನೆಯಲ್ಲಿ ಪರೀಕ್ಷೆ ಮಾಡಿಕೊಂಡಾಗ ಬಸಿರು ಅಂತ ಬಂದಿದೆ ಅಂತಲೂ ಬಾಯಿಬಿಟ್ಟೇ ಹೇಳಿದರು. ಕಂಪ್ಯೂಟರಿನಲ್ಲಿ ‘ಪುರುಷ’ ಅಂತ ಇತ್ತು. ದಪ್ಪ ಮೈಯ ಗಂಡಸು, ಬಿಪಿ ಮಾತ್ರೆ ಬಿಟ್ಟಿದ್ದಾನೆ, ಅವಸರ ಇಲ್ಲ ಅಂತ ಕೂರಿಸಿದರು. ಹಲವು ಗಂಟೆ ಕಳೆದ ಮೇಲೆ ಡಾಕ್ಟರ್ ನೋಡಿದಾಗ ಹೊಕ್ಕುಳಬಳ್ಳಿ ಆಗಲೇ ಕೆಳಕ್ಕೆ ಜಾರಿತ್ತು. ಮಗು ಉಳಿಯಲಿಲ್ಲ. ಹೆಂಗಸೊಬ್ಬಳು ಅದೇ ಮಾತು ಹೇಳಿದ್ದರೆ ಅಷ್ಟು ಹೊತ್ತು ಕೂರಿಸುತ್ತಿದ್ದರಾ? ಆ ಫಾರಂನಲ್ಲಿ ಅವರು ಯಾರು ಅಂತ ಬರೆಯಲು ಜಾಗ ಇತ್ತು, ಅವರ ದೇಹದಲ್ಲಿ ಏನಿದೆ ಅಂತ ಬರೆಯಲು ಜಾಗ ಇರಲಿಲ್ಲ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಡಬ್ಬಿಗೆ ತುರುಕಿದ್ದರು.

ಜನನ ಪ್ರಮಾಣಪತ್ರದ್ದೂ ಇದೇ ಗೋಳು. 2023ರ ಫೆಬ್ರವರಿಯಲ್ಲಿ ಕಲ್ಲಿಕೋಟೆಯಲ್ಲಿ ಒಬ್ಬ ಟ್ರಾನ್ಸ್ ಗಂಡಸು ಮಗು ಹೆತ್ತ ಸುದ್ದಿ ನೀವೂ ಓದಿರುತ್ತೀರಿ. ಅವರು ಆ ಮಗುವಿಗೆ ಅಪ್ಪ, ಅವರ ಸಂಗಾತಿ ಟ್ರಾನ್ಸ್ ಹೆಂಗಸು, ಅಮ್ಮ. ಫಾರಂನಲ್ಲಿ ಇದ್ದದ್ದು ‘ತಂದೆ’, ‘ತಾಯಿ’ ಅನ್ನುವ ಎರಡೇ ಕಾಲಂ. ಅವರು ಕೋರ್ಟಿಗೆ ಹೋದರು. ‘ಪೋಷಕರು’ ಅಂತ ಬರೆದು ಹೊಸ ಪ್ರಮಾಣಪತ್ರ ಕೊಡಿ ಅಂತ ಕೇರಳ ಹೈಕೋರ್ಟ್ 2025ರ ಜೂನ್‌ನಲ್ಲಿ ಹೇಳಿತು. ಒಂದು ಕಾಲಂನ ಹೆಸರು ಬದಲಾಗಲು ಮಗುವಿಗೆ ಎರಡು ವರ್ಷ ದಾಟಬೇಕಾಯಿತು.

ಅಂದ ಹಾಗೆ, ‘ಪೋಷಕರು’ ಒಳ್ಳೆಯ ಪದ. ಹೆತ್ತವರಿಗೂ ಆಗುತ್ತದೆ, ದತ್ತು ತೆಗೆದುಕೊಂಡವರಿಗೂ ಆಗುತ್ತದೆ, ಅಪ್ಪ ಅಮ್ಮ ಇಲ್ಲದ ಕೂಸನ್ನು ಸಾಕುವ ಅಜ್ಜಿಗೂ ಆಗುತ್ತದೆ. ‘ಹೆತ್ತವರು’ ಇನ್ನೂ ತಮಾಷೆ. ಹೆತ್ತದ್ದು ಒಬ್ಬರೇ, ಆದರೂ ಗಂಡನನ್ನೂ ಸೇರಿಸಿ ನಾವು ‘ಹೆತ್ತವರು’ ಅನ್ನುತ್ತೇವೆ. ಅಷ್ಟು ಧಾರಾಳವಾದ ಭಾಷೆ ಇನ್ನೂ ನಾಲ್ಕು ಜನಕ್ಕೆ ಜಾಗ ಕೊಡಲಾರದಾ?

ಈ ವಿಷಯದಲ್ಲಿ ನನಗೆ ಸರಿ ಕಂಡದ್ದು 2021ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳು ಹಿಡಿದ ದಾರಿ. ಪತ್ರಿಕೆಗಳು ‘ತಾಯಿ ಅನ್ನುವ ಪದವನ್ನೇ ನಿಷೇಧಿಸಿದರು’ ಅಂತ ಬೊಬ್ಬೆ ಹಾಕಿದವು. ಮೂಲ ಸೂಚನೆಯಲ್ಲಿ ಇದ್ದದ್ದು ಬೇರೆ. ‘ಹೆಂಗಸರು’ ಅನ್ನುವುದನ್ನು ತೆಗೆಯಬೇಡಿ, ಅದರ ಪಕ್ಕಕ್ಕೆ ಇನ್ನೊಂದು ಪದ ಸೇರಿಸಿ, ‘ಹೆಂಗಸರು ಮತ್ತು ಜನರು’ ಅನ್ನಿ. ಎದುರಿಗೆ ಒಬ್ಬರೇ ಕೂತಿದ್ದಾಗ ಅವರಿಗೆ ಇಷ್ಟವಾದ ಪದವನ್ನೇ ಬಳಸಿ. ಅಂದರೆ ತನ್ನನ್ನು ತಾಯಿ ಅಂದುಕೊಳ್ಳುವವಳಿಗೆ ತಾಯಿ ಅಂತಲೇ ಅನ್ನಿ. ತೆಗೆಯುವುದಲ್ಲ, ಸೇರಿಸುವುದು. ಪಟ್ಟಿ ಬರೆದವರು ಇದನ್ನು ಒಮ್ಮೆ ಓದಿದ್ದರೆ ನನಗೆ ಅರ್ಧ ಕೆಲಸ ಉಳಿಯುತ್ತಿತ್ತು.

ಸೇರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಕಂಡ ಒಂದು ಉದಾಹರಣೆ ಇದೆ. ಇದರಲ್ಲಿ ಟ್ರಾನ್ಸ್ ಅನ್ನುವ ಮಾತೇ ಇಲ್ಲ. ತೂಕ ಕಡಿಮೆ ಇರುವ ಮಗುವನ್ನು ಬರೀ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಪದ್ಧತಿಗೆ ‘ಕಾಂಗರೂ ಮದರ್ ಕೇರ್’ ಅಂತ ಹೆಸರು. 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಎಡ್ಗರ್ ರೇ ಅನ್ನುವ ಡಾಕ್ಟರ್ ಶುರು ಮಾಡಿದ್ದು. ಈಗ ದಿನಕ್ಕೆ 8ರಿಂದ 24 ಗಂಟೆ, ಹುಟ್ಟಿದ ಕೂಡಲೇ ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಾನು ನೋಡಿದ ವಾರ್ಡಿನಲ್ಲಿ ತಾಯಿಗೆ ರಕ್ತಸ್ರಾವವಾಗಿ ಐಸಿಯುನಲ್ಲಿದ್ದರು. ಅಪ್ಪ ಎರಡು ದಿನದಿಂದ ಗಾಜಿನ ಆಚೆ ನಿಂತಿದ್ದ. ಗೋಡೆಯ ಚಾರ್ಟಿನಲ್ಲಿ ‘ತಾಯಿಯು ಮಗುವನ್ನು ತನ್ನ ಎದೆಯ ಮೇಲೆ’ ಅಂತ ಇತ್ತು. ಕೊನೆಗೆ ನನ್ನನ್ನೇ ಆಸ್ಪತ್ರೆಯವಳು ಅಂದುಕೊಂಡು, “ಮೇಡಂ, ಇದ್ರಲ್ಲಿ ತಾಯಿ ಅಂತ ಇದೆ. ನಾನ್ ಮಾಡ್ಬೋದಾ?” ಅಂತ ಕೇಳಿದ. ನರ್ಸ್ ತಲೆ ಎತ್ತಿ “ಅಯ್ಯೋ, ಮಾಡಪ್ಪಾ, ಶರ್ಟ್ ಬಿಚ್ಚು” ಅಂದರು. ಮಗು ಅವನ ಎದೆಯ ಮೇಲೆ ಒಂದು ಅಂಗೈ ಅಗಲ ಇತ್ತು. ಅವನು ಅಳಬಾರದು ಅಂತ ಸೂರು ನೋಡುತ್ತಾ ಕೂತಿದ್ದ.

ಆ ಚಾರ್ಟನ್ನು ಕನ್ನಡಕ್ಕೆ ತಂದವಳು ನಾನೇ. ಮುಂದಿನ ಮುದ್ರಣಕ್ಕೆ ‘ತಾಯಿ, ಅಥವಾ ತಂದೆ, ಅಥವಾ ಮಗುವನ್ನು ನೋಡಿಕೊಳ್ಳುವ ಮನೆಯ ಇನ್ನೊಬ್ಬರು’ ಅಂತ ಮಾಡಿಸಿದೆ. ತಾಯಿ ಎಲ್ಲಿಗೂ ಹೋಗಲಿಲ್ಲ. ಮೊದಲನೆಯವಳಾಗಿ ಅಲ್ಲೇ ಇದ್ದಾಳೆ.

ಹಸುಗೂಸಿನ ಕೈಪಟ್ಟಿಯ ಬಗ್ಗೆ ಒಂದು ಮಾತು. ಹೆಸರಿಡುವ ತನಕ ಗಂಡು ಮಗು ಇಂಥವರದು, ಹೆಣ್ಣು ಮಗು ಇಂಥವರದು ಅಂತ ಮನೆತನದ ಹೆಸರು ಮಾತ್ರ ಹಾಕುವುದು ಎಷ್ಟೋ ಕಡೆ ರೂಢಿ. ನ್ಯೂಯಾರ್ಕಿನ ಮಾಂಟೆಫಿಯೋರ್ ಆಸ್ಪತ್ರೆಯ ಎನ್‌ಐಸಿಯುಗಳಲ್ಲಿ ಅದರ ಬದಲು ತಾಯಿಯ ಸ್ವಂತ ಹೆಸರನ್ನು ಸೇರಿಸಿ, ‘ಇಂಥವಳ ಗಂಡುಮಗು’ ಅನ್ನುವ ಹಾಗೆ ಬರೆದು ನೋಡಿದರು. ಒಂದು ಮಗುವಿಗೆ ಬರೆಯಬೇಕಾದ ಔಷಧ, ಪರೀಕ್ಷೆ ಇನ್ನೊಂದು ಮಗುವಿನ ದಾಖಲೆಗೆ ಹೋಗುವ ತಪ್ಪು 36 ಶೇಕಡಾ ಕಡಿಮೆ ಆಯಿತು. ಇದು 2015ರಲ್ಲಿ ‘ಪೀಡಿಯಾಟ್ರಿಕ್ಸ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತಾಯಿಯ ಹೆಸರು ಬರೆಯುವುದು ಬರೀ ಮರ್ಯಾದೆಯ ಪ್ರಶ್ನೆ ಅಂದುಕೊಂಡಿದ್ದೆ. ಮಗುವಿನ ಜೀವದ ಪ್ರಶ್ನೆಯೂ ಹೌದು.

ಇನ್ನು ಪಟ್ಟಿಯ ಎಡಗಡೆ ಬರಲೇಬೇಕಾಗಿದ್ದ, ಆದರೆ ಬಾರದ ಪದಗಳು. ಗರ್ಭಕೋಶದ ಬಾಯಿ ಬೇಗ ತೆರೆದುಕೊಂಡರೆ ‘ಇನ್‌ಕಾಂಪಿಟೆಂಟ್ ಸರ್ವಿಕ್ಸ್’. ಕೈಲಾಗದ ಕೊರಳು! ಬಸಿರು ಮತ್ತೆ ಮತ್ತೆ ಹೋದರೆ ‘ಹ್ಯಾಬಿಚುಯಲ್ ಅಬಾರ್ಟರ್’, ಏನೋ ಚಟ ಹತ್ತಿದವಳ ಹಾಗೆ. 35 ದಾಟಿ ಮೊದಲ ಬಸಿರಾದರೆ ‘ಎಲ್ಡರ್ಲಿ ಪ್ರೈಮಿ’. ನೋವು ಬಂದು ಬಾಯಿ ನಿಧಾನವಾಗಿ ತೆರೆದರೆ ‘ಫೇಲ್ಯೂರ್ ಟು ಪ್ರೋಗ್ರೆಸ್’. ಈ ಫೇಲು ಪಾಸಿನ ಲೆಕ್ಕ 1950ರ ದಶಕದಲ್ಲಿ ಎಮ್ಯಾನುಯೆಲ್ ಫ್ರೀಡ್‌ಮನ್ ಅನ್ನುವ ಡಾಕ್ಟರ್ ಗ್ರಾಫಿನಲ್ಲಿ ಎಳೆದ ಒಂದು ಗೆರೆಯಿಂದ ಬಂದದ್ದು. ಗಂಟೆಗೆ 1 ಸೆಂಟಿಮೀಟರ್ ತೆರೆಯಬೇಕು ಅಂತ ವಾರ್ಡುಗಳು ನಂಬಿಕೊಂಡವು. ಆ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ, ಕೆಲವರಲ್ಲಿ ನಿಧಾನವಾಗುವುದು ಸಹಜ ಅಂತ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. ಅಷ್ಟರಲ್ಲಿ ಎಷ್ಟು ಜನ ‘ಫೇಲ್’ ಆಗಿ ಮನೆಗೆ ಹೋಗಿದ್ದರೋ. ಇವುಗಳಲ್ಲಿ ಕೆಲವು ಈಗ ಇಂಗ್ಲಿಷಿನಲ್ಲೇ ಬದಲಾಗಿವೆ. ಕೇಸ್ ಶೀಟಿನಲ್ಲಿ ಮಾತ್ರ ಹಳೆಯ ಕೈಬರಹ ಹಾಗೇ ಓಡುತ್ತಿದೆ.

‘ನಾರ್ಮಲ್’ ಅನ್ನುವ ಪದವೂ ಇದೇ ಗುಂಪಿಗೆ ಸೇರಿದ್ದು. ಒಂದು ನಾರ್ಮಲ್ ಅಂದ ಕೂಡಲೇ ಇನ್ನೊಂದು ಏನಾಯಿತು? 2022ರಲ್ಲಿ ಬ್ರಿಟನ್ನಿನ ಸೂಲಗಿತ್ತಿಯರ ಸಂಘ ರಾಯಲ್ ಕಾಲೇಜ್ ಆಫ್ ಮಿಡ್‌ವೈವ್ಸ್ ಹೆರಿಗೆಯಾದವರನ್ನೇ ಕೇಳಿ, ಆ ಪದ ಬಿಟ್ಟು ಹೆರಿಗೆ ಹೇಗಾಯಿತೋ ಹಾಗೆ ಹೇಳುವುದೇ ವಾಸಿ ಅನ್ನುವ ಕಡೆ ಬಂತು. ಕನ್ನಡದಲ್ಲಿ ‘ಸಹಜ ಹೆರಿಗೆ’ ಅನ್ನುವುದೂ ಅದೇ ತಪ್ಪು ಮಾಡುತ್ತದೆ. ‘ಕೆಳಗಿನಿಂದ ಆದ ಹೆರಿಗೆ’, ‘ಸಿಸೇರಿಯನ್ ಹೆರಿಗೆ’. ಎರಡೂ ಹೆರಿಗೆ.

ಈಗ ನನ್ನ ವಿಷಯ.

ನನಗೂ ಒಂದು ಬಸಿರು ಹೋಗಿದೆ. 11ನೇ ವಾರ. ಸ್ಕ್ಯಾನ್ ಮಾಡುತ್ತಿದ್ದವರು ಮಾತು ನಿಲ್ಲಿಸಿ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು, ಅಷ್ಟರಲ್ಲೇ ಗೊತ್ತಾಯಿತು. ಬಿಡುಗಡೆ ಹಾಳೆಯಲ್ಲಿ ‘ಮಿಸ್ಡ್ ಅಬಾರ್ಷನ್’ ಅಂತ ಬರೆದಿತ್ತು. ಬೆಳವಣಿಗೆ ಒಳಗೇ ನಿಂತಿದೆ, ದೇಹ ಇನ್ನೂ ಹೊರಹಾಕಿಲ್ಲ ಅಂತ ಅದರ ಅರ್ಥ. ಮನೆಯಲ್ಲಿ ಆ ಹಾಳೆ ಓದಿದವರಿಗೆ ಎರಡನೇ ಪದ ಮಾತ್ರ ಕಂಡಿತು. “ನೀನೇ ಹೋಗಿ ತೆಗೆಸ್ಕೊಂಡ್ಯಾ?” ಅಂದರು. ಅನುವಾದ ನನ್ನ ಕೆಲಸ. ಆವತ್ತು ಎರಡು ಪದ ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ಒಳಗೆ ಹೋಗಿ ಮಲಗಿದೆ.

ಇದು ಹೊಸ ದೂರೂ ಅಲ್ಲ. ತಾನಾಗಿ ಹೋದ ಬಸಿರನ್ನು ‘ಅಬಾರ್ಷನ್’ ಅನ್ನಬೇಡಿ, ‘ಮಿಸ್‌ಕ್ಯಾರೇಜ್’ ಅನ್ನಿ, ಹೆಂಗಸರಿಗೆ ನೋವಾಗುತ್ತದೆ ಅಂತ 1985ರಲ್ಲೇ ರಿಚರ್ಡ್ ಬಿಯರ್ಡ್ ಮತ್ತು ಜೊತೆಗಾರ ಡಾಕ್ಟರುಗಳು ‘ಲ್ಯಾನ್ಸೆಟ್’ಗೆ ಪತ್ರ ಬರೆದಿದ್ದರು. ಬ್ರಿಟನ್ನಿನ ಡಾಕ್ಟರುಗಳ ಬರಹದಲ್ಲಿ ಆಮೇಲೆ ಪದ ಬದಲಾಯಿತು. ನನ್ನ ಹಾಳೆಯ ತನಕ ಬರಲಿಲ್ಲ.

ಕನ್ನಡದ ಕರಪತ್ರಗಳಲ್ಲಿ ಎರಡಕ್ಕೂ ‘ಗರ್ಭಪಾತ’ ಅಂತ ಒಂದೇ ಪದ ಹಾಕುತ್ತೇವೆ. ಆಡುಮಾತು ಹೀಗೆ ಗೊಂದಲ ಮಾಡುವುದಿಲ್ಲ. ‘ಬಸಿರು ಹೋಯಿತು’ ಅನ್ನುವುದು ಬೇರೆ, ‘ತೆಗೆಸಿದರು’ ಅನ್ನುವುದು ಬೇರೆ. ಹೋದದ್ದಕ್ಕೆ ‘ಹೋಯಿತು’ ಅನ್ನೋಣ. ತೆಗೆಸಿಕೊಂಡವರಿಗೂ ತಲೆ ತಗ್ಗಿಸುವಂಥ ಪದ ಬೇಡ, ಆ ತೀರ್ಮಾನದ ಹಿಂದೆ ಏನಿತ್ತು ಅಂತ ನಮಗೇನು ಗೊತ್ತು. ದಿನ ತುಂಬುವ ಹೊತ್ತಿಗೆ ಹೊಟ್ಟೆಯಲ್ಲೇ ತೀರಿಹೋದ ಕೂಸನ್ನು ‘ಐಯುಡಿ ಕೇಸ್’ ಅನ್ನಬೇಡಿ. ಆ ತಾಯಿ ಅಷ್ಟು ತಿಂಗಳು ‘ಮಗು’ ಅಂತಲೇ ಮಾತಾಡಿಸಿದ್ದಾಳೆ. ಮಗು ಅಂತಲೇ ಅನ್ನಿ. ಹೆಸರಿಟ್ಟಿದ್ದರೆ ಆ ಹೆಸರು ಹೇಳಿ.

ನಿಮ್ಮಿಂದ ನನಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಪಟ್ಟಿಯನ್ನು ನನಗೆ ಕಳಿಸುವ ಮೊದಲು ಕನ್ನಡದ ವಾಕ್ಯಗಳನ್ನೇ ಇಟ್ಟುಕೊಂಡು ಒಂದು ಮಧ್ಯಾಹ್ನ ಕೂತು ಮಾತಾಡೋಣ. ಆ ಕೋಣೆಯಲ್ಲಿ ಒಬ್ಬ ಬಾಣಂತಿ ಇರಲಿ, ಒಬ್ಬ ಟ್ರಾನ್ಸ್ ವ್ಯಕ್ತಿ ಇರಲಿ, ಸಿಸೇರಿಯನ್ ಆದವರು, ಮಗು ಕಳೆದುಕೊಂಡವರು, ಕಿವಿ ಕೇಳಿಸದೆ ಬರೀ ಹಾಳೆಯನ್ನೇ ನಂಬಿಕೊಂಡವರು ಇರಲಿ. ಹೆರಿಗೆ ಕೋಣೆಯ ನರ್ಸ್ ಖಂಡಿತ ಇರಲಿ. ಡ್ಯೂಟಿ ಸಮಯದಲ್ಲೇ ಕರೆಯಿರಿ, ರಜೆಯ ದಿನ ಅಲ್ಲ. ನೋಂದಣಿ ಫಾರಂನಲ್ಲಿ ‘ನಿಮ್ಮನ್ನು ಏನಂತ ಕರೆಯಬೇಕು?’ ಅಂತ ಒಂದು ಗೆರೆ ಬಿಡಿ. ದೇಹದ ವಿಷಯ ಕೇಳಲು ಬೇರೆ ಪ್ರಶ್ನೆ ಇರಲಿ. ಅಚ್ಚಿಗೆ ಹೋಗುವ ಮೊದಲು ವಾರ್ಡಿನಲ್ಲಿ ಐದು ಜನಕ್ಕೆ ಗಟ್ಟಿಯಾಗಿ ಓದಿ ಹೇಳಿ. ಎಲ್ಲಿ ಹುಬ್ಬು ಗಂಟಾಗುತ್ತದೋ ಅಲ್ಲಿ ಗುರುತು ಹಾಕಿ ನನಗೆ ಕಳಿಸಿ, ಮತ್ತೆ ಬರೆದುಕೊಡುತ್ತೇನೆ. ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.

ಪುಸ್ತಿಕೆಯ ಉಳಿದ ಪುಟಗಳು ಈ ಪತ್ರದ ಜೊತೆಗಿವೆ. 14ನೇ ಪುಟ ಇನ್ನೂ ನನ್ನ ಹತ್ತಿರವೇ ಇದೆ. ಮೂಲದಲ್ಲಿ ಅದರ ತಲೆಬರಹ ‘ಅಡ್ವರ್ಸ್ ಔಟ್‌ಕಮ್ಸ್’. ಪಟ್ಟಿಯಲ್ಲಿ ಅದಕ್ಕೆ ಬದಲಿ ಪದ ಕೊಟ್ಟಿಲ್ಲ. ನಾನು ‘ಬಸಿರು ಹೋದರೆ’ ಅಂತ ಹಾಕಿದ್ದೇನೆ. ಮೊದಲ ಸಾಲು ‘ನೀವು ಏನೋ ತಪ್ಪು ಮಾಡಿದ್ದರಿಂದ ಹೀಗಾಗಿಲ್ಲ.’ ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮಿನ ಏರುಪೇರು, ಭಾರ ಎತ್ತಿದ್ದಲ್ಲ, ಮೆಟ್ಟಿಲು ಹತ್ತಿದ್ದಲ್ಲ ಅಂತ ಎರಡನೇ ಸಾಲು. ಮೂಲದಲ್ಲಿ ಈ ಎರಡೂ ಸಾಲು ಇಲ್ಲ, ನಾನು ಸೇರಿಸಿದ್ದು. ಒಪ್ಪಿಗೆ ಇದ್ದರೆ ತಿಳಿಸಿ, ಆ ಪುಟವನ್ನೂ ಕಳಿಸುತ್ತೇನೆ.

ಇಂತಿ,
ನಿಮ್ಮ ಹಾಳೆಗಳ ಅನುವಾದಕಿ